ಕಾರೊಳಗಿನ ಹೊಗೆ, ಮೇಲ್ಮನೆಯ ಒಬ್ಬ ವೈದ್ಯ

ಮಾನ್ಯ ಸಂಪಾದಕರೇ,

ಮೇಲ್ಮನೆ ಬೇಕೋ ಬೇಡವೋ ಎಂಬ ಜಗಳ ಪರಿಷತ್ ಚುನಾವಣೆ ಬಂದಾಗಲೆಲ್ಲ ಓದುಗರ ಅಂಕಣದಲ್ಲಿ ಏಳುತ್ತದೆ, ಫಲಿತಾಂಶ ಬಂದ ಮೇಲೆ ತಣ್ಣಗಾಗುತ್ತದೆ. 'ಚಿಂತಕರ ಚಾವಡಿ' ಎಂದು ಒಬ್ಬರು ಬರೆದರೆ 'ಸೋತವರ ಪುನರ್ವಸತಿ ಕೇಂದ್ರ' ಎಂದು ಮತ್ತೊಬ್ಬರು. ಇಬ್ಬರೂ ಮನೆಯ ಬಗ್ಗೆಯೇ ಬರೆಯುತ್ತಾರೆ. ಒಳಗೆ ಕೂತ ಒಬ್ಬ ಸದಸ್ಯ, ಹಿಂದೆ ಪಕ್ಷವಿಲ್ಲದೆ, ಕೈಯಲ್ಲಿ ಅಧಿಕಾರವಿಲ್ಲದೆ, ಒಂದು ಅವಧಿಯಲ್ಲಿ ಏನು ಮಾಡಿ ತೋರಿಸಬಹುದು ಎಂಬುದನ್ನು ಯಾರೂ ಕೇಳುವುದಿಲ್ಲ. ಅಂಥ ಒಬ್ಬರ ವಿಷಯ ತಿಳಿಸಲು ಈ ಪತ್ರ. ಉದ್ದವಾಯಿತೆಂದರೆ ಕತ್ತರಿ ನಿಮ್ಮದು.

ಅವರು ಐರ್ಲೆಂಡಿನವರು, ಹೆಸರು ಜಾನ್ ಕ್ರೌನ್. ಡಬ್ಲಿನ್ನಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ಕ್ಯಾನ್ಸರ್ ತಜ್ಞರು. 2011ರಿಂದ 2016ರವರೆಗೆ ಅಲ್ಲಿನ ಮೇಲ್ಮನೆ ಶಾನಡ್‌ನಲ್ಲಿ ಸೆನೆಟರ್ ಆಗಿದ್ದರು. ಒಂದೇ ಅವಧಿ. ಮರು ಚುನಾವಣೆಗೆ ನಿಲ್ಲಲಿಲ್ಲ.

ನಾನು ಸಾರಿಗೆ ಇಲಾಖೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದು ನಿವೃತ್ತನಾದವನು. ಎಲ್‌ಎಲ್ ಕೊಡುವುದು, ಡಿಎಲ್‌ಗೆ ಬಂದವರಿಂದ 'ಎಂಟು' ಹಾಕಿಸುವುದು, ಗಾಡಿ ಓಡಲು ಯೋಗ್ಯವೇ ಎಂದು ನೋಡಿ ಎಫ್‌ಸಿ ಮಾಡುವುದು, ಅಪಘಾತವಾದಾಗ ಠಾಣೆಯ ಅಂಗಳದಲ್ಲಿ ನಜ್ಜುಗುಜ್ಜಾಗಿ ನಿಂತ ಗಾಡಿಯ ಬ್ರೇಕು, ಸ್ಟೇರಿಂಗು ನೋಡಿ ಐಎಂವಿ ರಿಪೋರ್ಟ್ ಬರೆಯುವುದು ನನ್ನ ಕೆಲಸವಾಗಿತ್ತು. ಮಗಳು ಐರ್ಲೆಂಡಿನ ಪಶ್ಚಿಮ ಭಾಗದ ಒಂದು ಊರಿನಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದಾಳೆ. ಮೊಮ್ಮಗನನ್ನು ನೋಡಿಕೊಳ್ಳಲು ನಾವು ಗಂಡ ಹೆಂಡತಿ ಹೋಗಿ ಬರುತ್ತಿರುತ್ತೇವೆ. ಅಲ್ಲಿ ಮಳೆ ನಮ್ಮ ಮಲೆನಾಡಿನ ಹಾಗೆ ಸುರಿಯುವುದಿಲ್ಲ, ಸೋರುತ್ತಿರುತ್ತದೆ. ಹೊರಗೆ ಹೋಗಲಾಗದೆ ಮನೆಯಲ್ಲಿ ಕೂತಾಗ ನಾನು ಅಲ್ಲಿನ ಸಂಸತ್ತಿನ ಚರ್ಚೆಗಳನ್ನು ಓದುತ್ತೇನೆ. ಅಲ್ಲಿ ಯಾವ ಸದಸ್ಯ ಯಾವ ದಿನ ಏನು ಮಾತಾಡಿದ ಎಂಬುದು ಅಕ್ಷರ ಬಿಡದೆ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಹೆಸರು ಕೊಟ್ಟರೆ ಸಾಕು, ಆ ಮನುಷ್ಯನ ಅವಧಿಯೆಲ್ಲ ತೆರೆಯುತ್ತದೆ. ನನ್ನ ಹೆಂಡತಿಗೆ ಇದೊಂದು ಹುಚ್ಚು ಅನ್ನಿಸುತ್ತದೆ. ನಲವತ್ತು ವರ್ಷ ರಿಪೋರ್ಟ್ ಬರೆದವನಿಗೆ ಓದಲು ಇನ್ನೇನು ರುಚಿಸೀತು?

ಮೊದಲು ಆ ಮನೆಯ ಸ್ವರೂಪ ಹೇಳಬೇಕು, ಇಲ್ಲದಿದ್ದರೆ ಕ್ರೌನ್ ಮಾಡಿದ ಕೆಲಸದ ತೂಕ ಗೊತ್ತಾಗುವುದಿಲ್ಲ. ಶಾನಡ್‌ನಲ್ಲಿ 60 ಜನ. 43 ಜನರನ್ನು ಕೌನ್ಸಿಲರ್‌ಗಳು, ಸಂಸದರು ಸೇರಿ ಆರಿಸುತ್ತಾರೆ. 11 ಜನರನ್ನು ಪ್ರಧಾನಿ ನೇಮಿಸುತ್ತಾರೆ. ಉಳಿದ 6 ಜನರನ್ನು ವಿಶ್ವವಿದ್ಯಾಲಯಗಳ ಪದವೀಧರರು ಆರಿಸುತ್ತಾರೆ. ನಮ್ಮ ಪರಿಷತ್ತನ್ನು ಬಲ್ಲವರಿಗೆ ಇದು ಹೊಸದೇನಲ್ಲ: ನಮ್ಮ 75ರಲ್ಲಿ ರಾಜ್ಯಪಾಲರು ನೇಮಿಸುವವರು ಅದೇ 11, ಪದವೀಧರರು ಆರಿಸುವವರು 7. ರಾಜ್ಯಸಭೆಗೆ ಗಣ್ಯರನ್ನು ನಾಮಕರಣ ಮಾಡುವ ಪದ್ಧತಿಯನ್ನು ನಮ್ಮ ಸಂವಿಧಾನ ರಚಿಸಿದವರು ತಂದದ್ದೇ ಐರ್ಲೆಂಡಿನಿಂದ. ಅಧಿಕಾರವೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೆ. ಹಣಕಾಸು ಮಸೂದೆಯನ್ನು ಅವರು 21 ದಿನ ಇಟ್ಟುಕೊಳ್ಳಬಹುದು, ನಮ್ಮವರು 14 ದಿನ. ಬೇರೆ ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದು, ತಳ್ಳಿಹಾಕಲಾಗದು.

ಕ್ರೌನ್ ಬಂದದ್ದು ಆ ಪದವೀಧರರ ಬಾಗಿಲಿನಿಂದ, ನ್ಯಾಷನಲ್ ಯೂನಿವರ್ಸಿಟಿಯ ಮೂರು ಸ್ಥಾನಗಳಲ್ಲಿ ಒಂದಕ್ಕೆ, ಪಕ್ಷೇತರರಾಗಿ. ಬರುವ ಮೊದಲೇ ಅವರು ಆಸ್ಪತ್ರೆ ವ್ಯವಸ್ಥೆಯ ಮೇಲೆ ಬಹಿರಂಗವಾಗಿ ಹರಿಹಾಯುತ್ತಿದ್ದ ಮನುಷ್ಯ. ದುಡ್ಡಿದ್ದವನಿಗೆ ಒಂದು ಸಾಲು, ಇಲ್ಲದವನಿಗೆ ಇನ್ನೊಂದು ಸಾಲು ಇರುವ ಪದ್ಧತಿ ಹೋಗಿ ಎಲ್ಲರಿಗೂ ವಿಮೆಯ ಮೂಲಕ ಚಿಕಿತ್ಸೆ ಸಿಗಬೇಕು ಎಂಬುದು ಅವರ ವಾದ. ಜನಸಂಖ್ಯೆಗೆ ತಕ್ಕಷ್ಟು ತಜ್ಞ ವೈದ್ಯರಿಲ್ಲ ಎಂಬುದನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಓದುವಾಗ ನನಗೇ 'ಸಾಕು ಮಾರಾಯರೇ' ಅನ್ನಿಸಿದ್ದುಂಟು. ಆದರೆ ಅಲ್ಲಿನ ದಾದಿಯರ ಸಂಘ ದಿನಾ ಬೆಳಿಗ್ಗೆ ಆಸ್ಪತ್ರೆಗಳಲ್ಲಿ ಮಂಚ ಸಿಗದೆ ಟ್ರಾಲಿ ಮೇಲೆ ಮಲಗಿದ ರೋಗಿಗಳನ್ನು ಎಣಿಸಿ ಲೆಕ್ಕ ಪ್ರಕಟಿಸುತ್ತದೆ. 2006ರಲ್ಲಿ ಆ ಲೆಕ್ಕ 495 ಮುಟ್ಟಿದಾಗ ಆಗಿನ ಆರೋಗ್ಯ ಸಚಿವೆ ಮೇರಿ ಹಾರ್ನಿ ಇದನ್ನು ರಾಷ್ಟ್ರೀಯ ತುರ್ತು ಸ್ಥಿತಿ ಎಂದಿದ್ದರು. 2023ರ ಜನವರಿ 3ರಂದು ಅದು 931 ಆಗಿತ್ತು. ಕ್ರೌನ್ ಹೇಳಿದ್ದನ್ನೇ ಹೇಳಿದರು ಎಂದು ಈಗ ದೂರಲು ನನಗೆ ಬಾಯಿಲ್ಲ.

ಅಷ್ಟೇ ಆಗಿದ್ದರೆ ಅವರು ಇನ್ನೊಬ್ಬ ಭಾಷಣಕಾರ, ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆರೋಗ್ಯ ವ್ಯವಸ್ಥೆಯನ್ನೆಲ್ಲ ಬದಲಿಸುವ ಅವರ ಮಾತು ಮಾತಾಗಿಯೇ ಉಳಿಯಿತು. ಕಾನೂನಾದದ್ದು ಒಂದು ಸಣ್ಣ ವಿಷಯ.

2012ರಲ್ಲಿ ಕ್ರೌನ್, ಫಿಯಾನಾ ಫಾಲ್ ಪಕ್ಷದ ಇಬ್ಬರು ಸೆನೆಟರುಗಳಾದ ಆವೆರಿಲ್ ಪವರ್ ಮತ್ತು ಮಾರ್ಕ್ ಡೇಲಿ, ಈ ಮೂವರು ಸೇರಿ ಒಂದು ಖಾಸಗಿ ಮಸೂದೆ, ಅಂದರೆ ಸರ್ಕಾರವಲ್ಲದೆ ಸದಸ್ಯರೇ ತರುವ ಮಸೂದೆ, ಮಂಡಿಸಿದರು. ಸಾರ ಇಷ್ಟೆ: ಹದಿನೆಂಟು ವರ್ಷದೊಳಗಿನ ಮಗು ವಾಹನದಲ್ಲಿದ್ದಾಗ ಯಾರೂ ಒಳಗೆ ಸಿಗರೇಟು ಸೇದಬಾರದು.

ಇದರ ಹಿನ್ನೆಲೆಗೆ ಎಂಟು ವರ್ಷ ಹಿಂದೆ ಹೋಗಬೇಕು. 2004ರ ಮಾರ್ಚ್ 29ರಂದು ಐರ್ಲೆಂಡ್ ಕೆಲಸದ ಜಾಗಗಳಲ್ಲೆಲ್ಲ ಧೂಮಪಾನ ನಿಷೇಧಿಸಿತು. ಪಬ್ಬುಗಳೂ ಸೇರಿದಂತೆ ಇಡೀ ದೇಶಕ್ಕೆ ಅನ್ವಯಿಸುವ ಇಂಥ ಕಾನೂನು ಜಗತ್ತಿನಲ್ಲೇ ಮೊದಲು. ಆಗ ಆರೋಗ್ಯ ಸಚಿವರಾಗಿದ್ದ ಮೀಹಾಲ್ ಮಾರ್ಟಿನ್ ಮುಂದೆ ಪ್ರಧಾನಿಯಾದರು. ಪಬ್ಬಿನವರು ಬೊಬ್ಬೆ ಹೊಡೆದರು, ವ್ಯಾಪಾರ ಮುಳುಗುತ್ತದೆ ಎಂದರು, ಆಮೇಲೆ ಬಾಗಿಲ ಹೊರಗೆ ಒಂದು ಮಾಡು ಇಳಿಸಿ ಸುಮ್ಮನಾದರು. ಟ್ಯಾಕ್ಸಿ, ಲಾರಿ, ಕಂಪನಿ ವ್ಯಾನುಗಳೂ ಕೆಲಸದ ಜಾಗವೇ ಆದ್ದರಿಂದ ಅಲ್ಲೂ ಸಿಗರೇಟು ಬಂದ್ ಆಯಿತು. ಉಳಿದದ್ದು ಸ್ವಂತ ಕಾರು. ಹೋಟೆಲಿನ ಮಾಣಿಗೆ ಹೊಗೆಯಿಂದ ರಕ್ಷಣೆ ಸಿಕ್ಕಿತು, ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕಟ್ಟಿ ಕೂರಿಸಿದ ಮಗುವಿಗೆ ಸಿಗಲಿಲ್ಲ. ಬೆಲ್ಟು ಕಟ್ಟುವುದೂ ಕಾನೂನೇ ನೋಡಿ: ಅಲ್ಲಿ 150 ಸೆಂಟಿಮೀಟರ್ ಎತ್ತರ ಅಥವಾ 36 ಕಿಲೋ ತೂಕ ಮುಟ್ಟುವ ತನಕ ಮಕ್ಕಳು ತಮ್ಮ ಅಳತೆಯ ಸೀಟಿನಲ್ಲೇ ಕೂರಬೇಕು. ಅಂದರೆ ಮಗು ಎದ್ದು ಹೋಗುವಂತಿಲ್ಲ, ಕಿಟಕಿ ಇಳಿಸುವ ಗುಂಡಿ ಅದರ ಕೈಗೆ ಎಟುಕುವುದಿಲ್ಲ, ಸೇದುವವರು ಅಪ್ಪನೋ ಮಾವನೋ ಆದ್ದರಿಂದ ಬೇಡ ಎನ್ನುವ ಧೈರ್ಯವೂ ಇರುವುದಿಲ್ಲ.

ಕಾರಿನ ಒಳಗೆ ಎಷ್ಟು ಜಾಗ ಇರುತ್ತದೆ ಎಂದು ಎಫ್‌ಸಿಗೆ ಬಂದ ಗಾಡಿಗಳ ಒಳಗೆ ತಲೆ ತೂರಿಸಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಡಿ ಸೇದುವ ಡ್ರೈವರನ ಅಂಬಾಸಿಡರ್ ಬಂದರೆ ಬಾಗಿಲು ತೆಗೆಯುವ ಮೊದಲೇ ಗೊತ್ತಾಗುತ್ತಿತ್ತು. ಮೇಲಿನ ಬಟ್ಟೆ ಹಳದಿಗಟ್ಟಿ, ಚಾಲಕನ ತಲೆಯ ಮೇಲೆ ಮಾತ್ರ ಒಂದು ಕಂದು ಬಣ್ಣದ ಚಕ್ರ ಮೂಡಿರುತ್ತಿತ್ತು. ಕಿಟಕಿ ಎರಡು ಇಂಚು ಇಳಿಸಿದರೆ ಹೊಗೆ ಹೊರಗೆ ಹೋಗುತ್ತದೆ ಎಂಬುದು ಸೇದುವವರ ನಂಬಿಕೆ. ಓಡುವ ಗಾಡಿಯಲ್ಲಿ ಅದು ಹಿಂದಿನ ಸೀಟಿಗೆ ಸುತ್ತಿಕೊಳ್ಳುತ್ತದೆ. ಚಿಕ್ಕ ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ, ಶ್ವಾಸನಾಳ ಸಣ್ಣದು. ಅಸ್ತಮಾ ಕೆರಳುವುದು, ಕಿವಿ ಸೋರುವುದು, ಎದೆ ಕಟ್ಟುವುದು ಇದರಿಂದಲೇ ಎಂದು ಮಗಳು ವಿವರಿಸುತ್ತಾಳೆ.

ಇಂಥ ಕಾನೂನು ಬಂದ ಕಡೆಯೆಲ್ಲ ಏಳುವ ಆಕ್ಷೇಪ ಎರಡು. ನನ್ನ ಕಾರು ನನ್ನ ಮನೆಯಿದ್ದ ಹಾಗೆ, ಸರ್ಕಾರ ಯಾಕೆ ಇಣುಕಬೇಕು ಎಂಬುದು ಒಂದು. ರಸ್ತೆಯಲ್ಲಿ ಓಡುವ ಕಾರಿನೊಳಗೆ ಯಾರು ಸೇದುತ್ತಿದ್ದಾರೆ, ಹಿಂದೆ ಕೂತವನಿಗೆ ಹದಿನೇಳೋ ಹತ್ತೊಂಬತ್ತೋ ಎಂದು ಪೊಲೀಸ್ ಹೇಗೆ ನೋಡುತ್ತಾನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನಂಥವನ ಬಳಿ ಸಿದ್ಧ ಉತ್ತರವಿದೆ. ಸಾರ್ವಜನಿಕ ರಸ್ತೆಗೆ ಇಳಿದ ವಾಹನ ಪೂರ್ತಿ ಖಾಸಗಿಯಲ್ಲ. ಟೈರಿನ ಗೀರು, ಲೈಟಿನ ಬಣ್ಣ, ಗಾಜಿನ ಕಪ್ಪು, ಬೆಲ್ಟು, ಹೆಲ್ಮೆಟ್ಟು ಎಲ್ಲದರಲ್ಲೂ ಸರ್ಕಾರ ಇಣುಕುತ್ತದೆ, ಇಣುಕಬೇಕು. ಎರಡನೆಯದೇ ಕಷ್ಟ. ಹೋಟೆಲಿಗೆ ಆರೋಗ್ಯ ನಿರೀಕ್ಷಕರು ಹೋಗಿ ನೋಡಬಹುದು, ಓಡುವ ಕಾರು ನಿಲ್ಲಿಸುವ ಅಧಿಕಾರ ಇರುವುದು ಗಾರ್ಡಾ ಎಂದು ಕರೆಯುವ ಅಲ್ಲಿನ ಪೊಲೀಸರಿಗೆ ಮಾತ್ರ. ಹಾಗಾಗಿ ವೈದ್ಯರೊಬ್ಬರು ತಂದ ಆರೋಗ್ಯದ ಮಸೂದೆ ಪೊಲೀಸು, ನ್ಯಾಯ ಇಲಾಖೆ ಎಲ್ಲವನ್ನೂ ಮುಟ್ಟಬೇಕಾಯಿತು. ಒಂದು ಇಲಾಖೆಯ ಕಡತ ಇನ್ನೊಂದು ಇಲಾಖೆಯ ಮೇಜಿಗೆ ಹೋದರೆ ಏನಾಗುತ್ತದೆ ಎಂದು ನಮಗೆ ಯಾರಾದರೂ ಹೇಳಬೇಕೆ?

ಇಲ್ಲಿ ನನಗೆ ಮೆಚ್ಚುಗೆಯಾದದ್ದು ಕ್ರೌನ್ ಅವರ ಸಿಟ್ಟಲ್ಲ, ತಾಳ್ಮೆ. ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಟೀಕಿಸುತ್ತಿದ್ದ ಅದೇ ಮನುಷ್ಯ ಈ ಒಂದು ವಿಷಯಕ್ಕೆ ಅದೇ ಸರ್ಕಾರದ ಜೊತೆ ಕೂತರು. ಆರೋಗ್ಯ ಸಚಿವರಾಗಿದ್ದ ಜೇಮ್ಸ್ ರೈಲಿ ತಾವೂ ವೈದ್ಯರೇ, ತಂಬಾಕಿನ ಕಡು ವಿರೋಧಿ. ಅವರು ಉದ್ದೇಶವನ್ನು ಒಪ್ಪಿದರು. ಕರಡು ಸರಿಪಡಿಸಬೇಕೆಂದು ಮಸೂದೆ ತಿಂಗಳುಗಟ್ಟಲೆ ಅಲ್ಲಿ ಇಲ್ಲಿ ನಿಂತಿತು. ನನ್ನ ಮಸೂದೆ, ನನ್ನ ಹೆಸರು, ಒಂದಕ್ಷರ ಬದಲಾಗಬಾರದು ಎಂದು ಕ್ರೌನ್ ಹಟ ಹಿಡಿಯಲಿಲ್ಲ. ಆ ನಡುವೆ ಸಚಿವರೂ ಬದಲಾದರು. 2014ರ ಜುಲೈನಲ್ಲಿ ಆರೋಗ್ಯ ಖಾತೆಗೆ ಬಂದವರು ಲಿಯೋ ವರಾಡ್ಕರ್. ಮುಂಬಯಿ ಮೂಲದ ವೈದ್ಯರೊಬ್ಬರ ಮಗ, ಸ್ವತಃ ವೈದ್ಯ, ಅದುವರೆಗೆ ಸಾರಿಗೆ ಸಚಿವ. ರಸ್ತೆಯನ್ನೂ ಆಸ್ಪತ್ರೆಯನ್ನೂ ಎರಡನ್ನೂ ಕಂಡ ಮನುಷ್ಯ ಆ ಕುರ್ಚಿಯಲ್ಲಿ ಕೂತದ್ದು ಮಸೂದೆಯ ಅದೃಷ್ಟ ಎಂದು ನನ್ನ ಲೆಕ್ಕಾಚಾರ. 2014ರ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು, 2016ರ ಜನವರಿ 1ರಿಂದ ಜಾರಿಗೆ ಬಂತು. ದಂಡ 100 ಯೂರೋ.

ಈ ಅವಧಿಯಲ್ಲೇ ಇನ್ನೊಂದು ತಮಾಷೆ ನಡೆಯಿತು. ಮಸೂದೆ ಶಾನಡ್‌ನ ಮುಂದಿದ್ದಾಗಲೇ, ಆ ಶಾನಡ್ ಅನ್ನೇ ಮುಚ್ಚಿಬಿಡುತ್ತೇವೆ ಎಂದು ಪ್ರಧಾನಿ ಎಂಡಾ ಕೆನ್ನಿ ಜನಮತಗಣನೆಗೆ ಹೋದರು. ಖರ್ಚು ಉಳಿಯುತ್ತದೆ, ರಾಜಕಾರಣಿಗಳು ಕಡಿಮೆಯಾಗುತ್ತಾರೆ ಎಂಬ, ನಮ್ಮ ಓದುಗರು ಬರೆಯುವಂಥದೇ ವಾದ. 2013ರ ಅಕ್ಟೋಬರ್ 4ರಂದು ಮತದಾನ. ಜನ ಸರ್ಕಾರದ ಮಾತು ಕೇಳಿ ಮುಚ್ಚಿಯೇ ಬಿಡುತ್ತಾರೆ ಎಂದೇ ಎಲ್ಲರ ಅಂದಾಜಿತ್ತು. ಶೇ 51.7 ಮಂದಿ 'ಬೇಡ, ಇರಲಿ' ಅಂದರು. ನೂರಕ್ಕೆ ನಲವತ್ತು ಜನ ಕೂಡ ಮತಗಟ್ಟೆಗೆ ಬಂದಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಹೀಗೆ ಕೂದಲೆಳೆಯಲ್ಲಿ ಉಳಿದ ಮನೆಯಿಂದ ಒಂದು ವರ್ಷದ ಮೇಲೆ ಆ ಕಾಯಿದೆ ಹೊರಬಿತ್ತು.

ನಾನು ಅಲ್ಲಿರುವಾಗ ಕಂಡ ಒಂದು ದೃಶ್ಯ. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗ, ಜಿನುಗುವ ಮಳೆ. ಒಬ್ಬ ದಡೂತಿ ಆಸಾಮಿ ಕಾರು ನಿಲ್ಲಿಸಿ ಕೆಳಗಿಳಿದ, ಬಾಗಿಲು ಹಾಕಿದ, ಕೋಟಿನ ಕಾಲರ್ ಎತ್ತಿಕೊಂಡು, ಅಂಗೈಯಲ್ಲಿ ಕೊಡೆ ಹಿಡಿದ ಹಾಗೆ ಸಿಗರೇಟು ಮುಚ್ಚಿಕೊಂಡು ಸೇದಿದ. ಒಳಗೆ ಹಿಂದಿನ ಸೀಟಿನಲ್ಲಿ ಹುಡುಗಿಯೊಬ್ಬಳು ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಗೀಚುತ್ತಿದ್ದಳು. ಸುತ್ತಮುತ್ತ ಒಬ್ಬ ಪೊಲೀಸ್ ಇರಲಿಲ್ಲ. ನೋಡುತ್ತಿದ್ದವನು ನಾನೊಬ್ಬನೇ, ಅದೂ ಟ್ರಾಲಿಗೆ ಹಾಕಲು ನಾಣ್ಯ ಹುಡುಕುತ್ತಿದ್ದವನು.

ದಂಡ ಬಿದ್ದ ಲೆಕ್ಕ ತೀರಾ ಸಣ್ಣದು, ಇದು ಕಾಗದದ ಕಾನೂನು ಎಂದು ಅಲ್ಲಿನ ಪತ್ರಿಕೆಗಳು ಬರೆದಿವೆ. ಇರಬಹುದು. ಇಲಾಖೆಯಲ್ಲಿ ಕೆಲಸ ಮಾಡಿದ ನಾನು ಕಾನೂನನ್ನು ರಸೀದಿ ಪುಸ್ತಕದಿಂದ ಮಾತ್ರ ಅಳೆಯುವುದಿಲ್ಲ. ಒಂದು ಕಾನೂನು ಇದೆ ಎಂಬ ಬಲದಿಂದಲೇ ಎಷ್ಟೋ ತಾಯಂದಿರು 'ರೀ, ಮಗು ಇದೆ' ಎಂದು ಗಟ್ಟಿಯಾಗಿ ಹೇಳಬಲ್ಲರು. ಹಾಗೆಂದು ಅಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ಹೇಳಹೊರಟಿಲ್ಲ. ಆ ಕಾಯಿದೆ ತಂಬಾಕಿಗೆ ಮಾತ್ರ. ಬಣ್ಣಬಣ್ಣದ ಇ-ಸಿಗರೇಟು ಅದರ ಬಲೆಗೆ ಬೀಳಲಿಲ್ಲ, ಹುಡುಗರ ಕೈಯಲ್ಲಿ ಈಗ ಇರುವುದು ಅದೇ.

ರಸ್ತೆ ಸುರಕ್ಷತೆಯ ವಿಷಯದಲ್ಲಿ ಐರ್ಲೆಂಡ್ ಹುಟ್ಟಾ ಶಿಸ್ತಿನ ದೇಶವೂ ಅಲ್ಲ. ನಮ್ಮ ಆರ್‌ಟಿಒಗಳ ಮೇಲೆ ಜೋಕು ಮಾಡುವವರು ಇದನ್ನು ಕೇಳಬೇಕು. 1979ರಲ್ಲಿ ಅಲ್ಲಿ ಡ್ರೈವಿಂಗ್ ಟೆಸ್ಟಿಗೆ ಕಾಯುವವರ ಸಾಲು ಬೆಳೆದು ಬೆಳೆದು, ಕೊನೆಗೆ ಸರ್ಕಾರ ಸಾವಿರಾರು ಜನರಿಗೆ ಟೆಸ್ಟೇ ಇಲ್ಲದೆ ಲೈಸೆನ್ಸ್ ಕೊಟ್ಟುಬಿಟ್ಟಿತು! ನಾನು ಇದನ್ನು ಓದಿ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಹೇಳಿದಾಗ ಅವರು ಐದು ನಿಮಿಷ ನಕ್ಕರು. 1972ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 640 ಜನ ಸತ್ತಿದ್ದರು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟರು. 2000ದಲ್ಲಿ ಎನ್‌ಸಿಟಿ ಎಂಬ ವಾಹನ ತಪಾಸಣೆ ಬಂತು. ಕಾರು ನಾಲ್ಕು ವರ್ಷ ದಾಟಿದರೆ ಎರಡು ವರ್ಷಕ್ಕೊಮ್ಮೆ, ಹತ್ತು ದಾಟಿದರೆ ವರ್ಷಕ್ಕೊಮ್ಮೆ. 2002ರಲ್ಲಿ ತಪ್ಪು ಮಾಡಿದವರ ಲೈಸೆನ್ಸಿನ ಮೇಲೆ ಬೀಳುವ ಪೆನಾಲ್ಟಿ ಪಾಯಿಂಟ್, 2006ರಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ ಉಸಿರು ಪರೀಕ್ಷಿಸುವ ಅಧಿಕಾರ, ಅದೇ ವರ್ಷ ರಸ್ತೆ ಸುರಕ್ಷತೆಗೇ ಒಂದು ಪ್ರಾಧಿಕಾರ. 2011ರಲ್ಲಿ ಮದ್ಯದ ಮಿತಿ 100 ಮಿ.ಲೀ. ರಕ್ತದಲ್ಲಿ 80ರಿಂದ 50 ಮಿಲಿಗ್ರಾಂಗೆ, ಹೊಸ ಚಾಲಕರಿಗೂ ಬಸ್, ಲಾರಿ, ಟ್ಯಾಕ್ಸಿ ಚಾಲಕರಿಗೂ 20ಕ್ಕೆ ಇಳಿಯಿತು. ಸಾವು ಇಳಿಯುತ್ತಾ ಇಳಿಯುತ್ತಾ 2021ರ ಹೊತ್ತಿಗೆ 140ಕ್ಕಿಂತ ಕೆಳಗೆ ಬಂತು. 2023ರಲ್ಲಿ ಮತ್ತೆ 180 ದಾಟಿದಾಗ ದೇಶವೇ ಗಾಬರಿಯಾಯಿತು. ಹಳ್ಳಿ ಕಡೆಯ ಸಣ್ಣ ರಸ್ತೆಗಳ ವೇಗಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60 ಕಿಲೋಮೀಟರಿಗೆ ಇಳಿಸಿದರು. ಮಗಳ ಮನೆಗೆ ಹೋಗುವ ದಾರಿಯೂ ಅಂಥದ್ದೇ. ಎರಡು ಬದಿ ಬೇಲಿ, ನಡುವೆ ಹುಲ್ಲು ಬೆಳೆದ ಒಂದೂಕಾಲು ಗಾಡಿಯ ಅಗಲ. ಅದರಲ್ಲಿ ಇಷ್ಟು ವರ್ಷ 80ರಲ್ಲಿ ಹೋಗಬಹುದಿತ್ತು ಎಂದರೆ ನಾನಾದರೆ ಬೋರ್ಡ್ ನೆಟ್ಟವನನ್ನೇ ಟೆಸ್ಟಿಗೆ ಕರೆಯುತ್ತಿದ್ದೆ.

ಈ ಹಾದಿಯಲ್ಲೂ ಮೇಲ್ಮನೆಯ ಮನುಷ್ಯರೊಬ್ಬರು ಸಿಗುತ್ತಾರೆ. ಶೇನ್ ರಾಸ್ 1981ರಿಂದ ಮೂವತ್ತು ವರ್ಷ ಸೆನೆಟರ್ ಆಗಿದ್ದವರು, ಇವರೂ ಪದವೀಧರರು ಆರಿಸಿದವರೇ, ಟ್ರಿನಿಟಿ ಕಾಲೇಜಿನ ಕಡೆಯಿಂದ. ಆಮೇಲೆ ಕೆಳಮನೆಗೆ ಹೋಗಿ 2016ರಲ್ಲಿ ಸಾರಿಗೆ ಸಚಿವರಾದರು. ಅಲ್ಲಿಯವರೆಗೆ 50ರಿಂದ 80 ಮಿಲಿಗ್ರಾಂ ನಡುವೆ ಸಿಕ್ಕಿಬಿದ್ದವನು ಮೊದಲ ಸಲ ಆದರೆ ದಂಡ ಕಟ್ಟಿ, ಮೂರು ಪಾಯಿಂಟ್ ಹಾಕಿಸಿಕೊಂಡು ಮನೆಗೆ ಗಾಡಿ ಓಡಿಸಬಹುದಿತ್ತು. ಇನ್ನು ಮೂರು ತಿಂಗಳು ಲೈಸೆನ್ಸ್ ರದ್ದು ಎಂದು ರಾಸ್ ಮಸೂದೆ ತಂದರು. ಗ್ರಾಮೀಣ ಸದಸ್ಯರು ಮುಗಿಬಿದ್ದರು. ಹಳ್ಳಿಯಲ್ಲಿ ಬಸ್ಸಿಲ್ಲ, ಒಂಟಿ ಮುದುಕ ವಾರಕ್ಕೊಮ್ಮೆ ಪಬ್ಬಿಗೆ ಹೋಗಿ ಎರಡು ಲೋಟ ಬಿಯರ್ ಕುಡಿದು ನಾಲ್ಕು ಮಾತಾಡಿ ಬರುತ್ತಾನೆ, ಅವನನ್ನೂ ಮನೆಯಲ್ಲಿ ಕೂಡಿಹಾಕುತ್ತೀರಾ ಎಂದು. ಇದಕ್ಕೂ ಮೊದಲು, 2013ರಲ್ಲಿ, ಕೆರಿ ಜಿಲ್ಲಾ ಮಂಡಳಿ ಇಂಥ ಹಳ್ಳಿಗರಿಗೆ ಎರಡು ಮೂರು ಪೆಗ್ ಹಾಕಿ ಓಡಿಸಲು ವಿಶೇಷ ಪರ್ಮಿಟ್ ಕೊಡಬೇಕು ಎಂದು ಠರಾವೇ ಮಾಡಿತ್ತು. ಠರಾವು ತಂದ ಸದಸ್ಯರು ಸ್ವತಃ ಪಬ್ಬಿನ ಮಾಲೀಕರು. ನಗು ಬರುತ್ತದೆ, ಆದರೆ ಒಂಟಿ ಮುದುಕನ ಮಾತು ಪೂರ್ತಿ ಸುಳ್ಳಲ್ಲ. ಆ ಕಡೆ ಮೈಲಿಗೊಂದು ಮನೆ, ಸಂಜೆ ಆರಕ್ಕೇ ಕೊನೆಯ ಬಸ್ಸು. ಅದಕ್ಕೆ ಪರಿಹಾರ ರಾತ್ರಿ ಬಸ್ಸೇ ಹೊರತು ಪರ್ಮಿಟ್ಟಲ್ಲ. ಮಸೂದೆ ಎಳೆದಾಡಿ 2018ರಲ್ಲಿ ಪಾಸಾಯಿತು.

ಪೊಲೀಸರು ಆ ನಡುವೆ ಏನು ಮಾಡಿದ್ದರು ಗೊತ್ತೇ? ಮಾಡದ ಉಸಿರು ಪರೀಕ್ಷೆಗಳನ್ನು ಮಾಡಿದ್ದೇವೆ ಎಂದು ಕಂಪ್ಯೂಟರಿಗೆ ತುಂಬಿದ್ದರು. 2017ರಲ್ಲಿ ಬಯಲಾದಾಗ ಹಾಗೆ ಉಬ್ಬಿಸಿದ ಸಂಖ್ಯೆ 14 ಲಕ್ಷಕ್ಕೂ ಹೆಚ್ಚು. ಟಾರ್ಗೆಟ್ ಕೊಟ್ಟರೆ ಕೆಳಗಿನವನು ಏನು ಮಾಡುತ್ತಾನೆ ಎಂಬುದು ಎಲ್ಲ ದೇಶದಲ್ಲೂ ಒಂದೇ. ಅದನ್ನು ಬಯಲು ಮಾಡಿ ಸಂಸತ್ತಿನಲ್ಲಿ ವಿಚಾರಣೆಗೆ ಎಳೆದರಲ್ಲ, ಅಷ್ಟು ಮಾತ್ರ ಬೇರೆ.

ಐರ್ಲೆಂಡಿನ ಆರೋಗ್ಯ ಚರ್ಚೆ ಎಂದರೆ ಕನ್ನಡಿಗರಿಗೆ ನೆನಪಾಗುವ ಹೆಸರು ಮಾತ್ರ ಬೇರೆಯೇ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಗಾಲ್ವೇ ನಗರದಲ್ಲಿ ಸೋಂಕು ರಕ್ತಕ್ಕೇರಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಕಾನೂನಿನ ಕಾರಣಕ್ಕೆ ಅವರು ಕೇಳಿದ ಗರ್ಭಪಾತ ಸಿಗಲಿಲ್ಲ. ಕ್ರೌನ್ ಅವರ ಕಾರಿನ ಹೊಗೆಯ ಮಸೂದೆ ಶಾನಡ್ ಮುಂದಿದ್ದ ವರ್ಷವೇ ಅದು. 2013ರ ಜುಲೈನಲ್ಲಿ ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಅವಕಾಶ ಕೊಡುವ ಕಾಯಿದೆಯನ್ನು ಅದೇ ಮನೆ ಚರ್ಚಿಸಿ ಒಪ್ಪಿತು. ಗರ್ಭಪಾತಕ್ಕೆ ಅಡ್ಡವಾಗಿದ್ದ ಸಂವಿಧಾನದ ತಿದ್ದುಪಡಿಯೇ ಹೋಗಲು 2018ರ ಮೇ 25ರ ಜನಮತಗಣನೆಯ ತನಕ ಕಾಯಬೇಕಾಯಿತು, ಶೇ 66.4 ಜನ ಒಪ್ಪಿದರು. ಕಾನೂನಿನ ಮಾತು ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದ್ದು ಇನ್ನೊಂದಿದೆ: ಆ ಸಾವಿನ ತನಿಖೆಗಳ ಬೆನ್ನಿಗೆ 2014ರಲ್ಲಿ ದೇಶಕ್ಕೆಲ್ಲ ಒಂದೇ ಸೆಪ್ಸಿಸ್ (ರಕ್ತಕ್ಕೇರುವ ಸೋಂಕು) ಮಾರ್ಗಸೂಚಿ ಬಂತು. ಜ್ವರ, ನಾಡಿ, ಉಸಿರು ಇಷ್ಟಾದರೆ ಇಷ್ಟು ಹೊತ್ತಿನೊಳಗೆ ಇದು ಮಾಡಲೇಬೇಕು ಎಂಬ ಹಾಳೆ. ಮಗಳು ವಾರ್ಡಿನಲ್ಲಿ ದಿನಾ ತುಂಬುವ ಹಾಳೆ ಅದು. ಬೆಳಗಾವಿಯ ಹೆಣ್ಣುಮಗಳ ಹೆಸರು ಅದರ ಮೇಲೆ ಎಲ್ಲೂ ಇಲ್ಲ, ಆದರೆ ಅಲ್ಲಿನ ಹಿರಿಯ ದಾದಿಯರಿಗೆ ಅದು ಯಾಕೆ ಬಂತೆಂದು ಗೊತ್ತು.

ಈಗ ನಮ್ಮ ಕಡೆಗೆ ಬರುತ್ತೇನೆ. ಹೋಲಿಕೆಯಲ್ಲಿ ನಾವು ಎಲ್ಲದರಲ್ಲೂ ಹಿಂದೆ ಎಂದು ತಲೆ ತಗ್ಗಿಸಬೇಕಾಗಿಲ್ಲ. ಮದ್ಯದ ಮಿತಿ ನಮ್ಮಲ್ಲಿ 30 ಮಿಲಿಗ್ರಾಂ, ಐರ್ಲೆಂಡಿನ ಸಾಮಾನ್ಯ ಚಾಲಕರ 50ಕ್ಕಿಂತ ಬಿಗಿ. ಮಕ್ಕಳನ್ನು ಬೈಕಿನಲ್ಲಿ ಕೂರಿಸುವುದಕ್ಕೆ 2022ರ ಫೆಬ್ರವರಿಯಲ್ಲಿ ಕೇಂದ್ರ ನಿಯಮ ಬಂತು. ನಾಲ್ಕು ವರ್ಷದೊಳಗಿನ ಮಗುವಿಗೆ ಚಾಲಕನಿಗೆ ಬಿಗಿಯುವ ಪಟ್ಟಿ, ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ. ನಮ್ಮ ಪೇಟೆಯಲ್ಲಿ ಬೆಳಿಗ್ಗೆ ಶಾಲೆ ಹೊತ್ತಿಗೆ ನಿಂತು ನೋಡಿ, ಟ್ಯಾಂಕಿನ ಮೇಲೆ ಕೂತ ಮಗು ಕನ್ನಡಿಯ ಕಡ್ಡಿ ಹಿಡಿದುಕೊಂಡು ಹೋಗುತ್ತಿರುತ್ತದೆ. ಅಂಗಡಿಯಲ್ಲಿ ಆ ಪಟ್ಟಿ ಕೇಳಿದರೆ 'ಯಾವ ಪಟ್ಟಿ ಸಾರ್' ಎನ್ನುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಕರ್ನಾಟಕದಲ್ಲೇ 11 ಸಾವಿರಕ್ಕೂ ಮೇಲೆ. ಕಾನೂನಿನ ಕೊರತೆಯಿಂದ ಸತ್ತವರಲ್ಲ ಇವರು. ಮಾಡಿದ ಕಾನೂನನ್ನು ವರ್ಷವಿಡೀ ಹಿಂಬಾಲಿಸಿ, ಪಟ್ಟಿ ಎಲ್ಲಿ ಸಿಗುತ್ತದೆ, ಎಷ್ಟು ಜನರನ್ನು ನಿಲ್ಲಿಸಿದಿರಿ, ಯಾವ ವೃತ್ತದಲ್ಲಿ ಎಂದು ಸದನದಲ್ಲಿ ಕೇಳಿ ಕೇಳಿ ಸಚಿವರ ನಿದ್ದೆ ಕೆಡಿಸುವವರು ಬೇಕು. ಮತದಾರರ ಮದುವೆ ಮುಂಜಿಗಳಿಗೆ ಓಡಾಡುವ ಶಾಸಕರಿಗೆ ಅದಕ್ಕೆ ಪುರುಸೊತ್ತಿಲ್ಲ. ಪರಿಷತ್ ಸದಸ್ಯರಿಗೆ ಇದೆ.

ಖಾಸಗಿ ಮಸೂದೆ ನಮ್ಮಲ್ಲಿ ಪಾಸಾಗುವುದಿಲ್ಲ, ತಂದು ಏನು ಪ್ರಯೋಜನ ಎಂದು ಒಬ್ಬ ಪರಿಚಿತ ಮುಖಂಡರು ನನಗೆ ಹೇಳಿದರು. ನಿಜ, ಸಂಸತ್ತಿನಲ್ಲಿ ಇದುವರೆಗೆ ಕಾನೂನಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ. ಐರ್ಲೆಂಡಿನಲ್ಲೂ ಸೆನೆಟರ್ ಒಬ್ಬರ ಮಸೂದೆ ಕಾಯಿದೆಯಾಗುವುದು ಅಪರೂಪವೇ. ಕ್ರೌನ್ ಗೆದ್ದದ್ದು ಅದು ಬಹಳ ಚಿಕ್ಕ ಮಸೂದೆಯಾದ್ದರಿಂದ. ಇಡೀ ಆರೋಗ್ಯ ವ್ಯವಸ್ಥೆಯನ್ನು ಬದಲಿಸಿ ಎಂದದ್ದಕ್ಕೆ ಯಾವ ಸಚಿವನೂ 'ಆಗಲಿ' ಅನ್ನಲಿಲ್ಲ. ಮಗು ಇದ್ದಾಗ ಕಾರಿನಲ್ಲಿ ಸೇದಬೇಡಿ ಎಂದದ್ದಕ್ಕೆ 'ಆಗದು' ಅನ್ನಲು ಯಾವ ಸಚಿವನಿಗೂ ಮುಖವಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆಯೂ ಚಿಕ್ಕದು. ತಂಬಾಕಿನ ಕೇಂದ್ರ ಕಾಯಿದೆಗೆ ನಮ್ಮ ರಾಜ್ಯ ತನ್ನದೇ ತಿದ್ದುಪಡಿ ತಂದಿದೆ. 2025ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿದ್ದು, ಮಾರಾಟದ ವಯಸ್ಸು 18ರಿಂದ 21ಕ್ಕೆ ಏರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿ ಆಯಿತು, ಹುಕ್ಕಾ ಬಾರ್‌ಗೆ ಬೀಗ ಬಿತ್ತು. ಬಸ್ಸು, ರೈಲು ಸಾರ್ವಜನಿಕ ಸ್ಥಳದ ಲೆಕ್ಕಕ್ಕೆ ಬರುತ್ತವೆ. ಮಗುವನ್ನು ಕೂರಿಸಿಕೊಂಡ ಸ್ವಂತ ಕಾರು ಬರುವುದಿಲ್ಲ. ತಿದ್ದುಪಡಿ ಮಾಡಲು ರಾಜ್ಯಕ್ಕೆ ಬರುತ್ತದೆ ಎಂದು ಈಗಾಗಲೇ ತೋರಿಸಿಯಾಗಿದೆ, ಇನ್ನೊಂದು ಸಾಲು ಸೇರಿಸುವುದು ಪರ್ವತ ಕಡಿದ ಹಾಗಲ್ಲ. ನಾನು ನೈರುತ್ಯ ಪದವೀಧರ ಕ್ಷೇತ್ರದ ಮತದಾರ. ಪ್ರತಿ ಚುನಾವಣೆಗೂ ಪದವಿ ಪತ್ರದ ನಕಲು ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ಹೊಸದಾಗಿ ಹೆಸರು ಸೇರಿಸಿಕೊಂಡು ಬರುವವನು. ಪ್ರಚಾರಕ್ಕೆ ಬಂದವರೆಲ್ಲ ಪಿಂಚಣಿ, ನೇಮಕಾತಿ, ಅತಿಥಿ ಉಪನ್ಯಾಸಕರ ವಿಷಯ ಹೇಳುತ್ತಾರೆ. ಬೇಕಾದದ್ದೇ, ತಪ್ಪಿಲ್ಲ. ಅದರ ಜೊತೆಗೆ ಒಂದು ಅವಧಿಗೆ ಒಂದೇ ಒಂದು ಖಾಸಗಿ ಮಸೂದೆ ಎಂದು ಯಾರಾದರೂ ಮಾತು ಕೊಟ್ಟರೆ ನಾನು ಅವರಿಗೆ ಮನೆಮನೆಗೆ ಓಡಾಡುತ್ತೇನೆ, ಯಾವ ಪಕ್ಷವಾದರೂ ಸರಿ.

ಕಾರಿನ ಹೊಗೆಯ ಆ ಒಂದು ಸಾಲಿನ ಕರಡನ್ನು ನನಗೆ ತಿಳಿದ ಇಲಾಖೆ ಭಾಷೆಯಲ್ಲಿ ಬರೆದಿಟ್ಟಿದ್ದೇನೆ. ದಂಡ ಯಾರು ಹಾಕಬೇಕು, ಗಾಡಿ ಯಾರು ನಿಲ್ಲಿಸಬೇಕು ಎಂಬುದೂ ಅದರಲ್ಲಿದೆ. ಇ-ಸಿಗರೇಟನ್ನೂ ಸೇರಿಸಿದ್ದೇನೆ, ಐರ್ಲೆಂಡಿನವರು ಬಿಟ್ಟದ್ದನ್ನು ನಾವೂ ಬಿಡಬೇಕೆಂದೇನಿಲ್ಲ. ಪರಿಷತ್ತಿನ ಯಾವ ಸದಸ್ಯರು ಕೇಳಿದರೂ ಕಳಿಸುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ.

ಇಂತಿ,
ಒಬ್ಬ ನಿವೃತ್ತ ಮೋಟಾರು ವಾಹನ ನಿರೀಕ್ಷಕ
ಸಾಗರ, ಶಿವಮೊಗ್ಗ ಜಿಲ್ಲೆ